ಸೀಸೆ ಒಂದೇ, ಸರ್ಟಿಫಿಕೇಟ್ ಬೇರೆ

ಎಲ್ಲರಿಗೂ ನಮಸ್ಕಾರ. ಮ್ಯಾಂಚೆಸ್ಟರ್‌ನಿಂದ ಶುರು ಮಾಡುತ್ತೇನೆ.

2021ರ ಜುಲೈ. ಮಾಲ್ಟಾಕ್ಕೆ ಹೊರಟಿದ್ದ ಬ್ರಿಟಿಷ್ ಗಂಡ ಹೆಂಡತಿಯನ್ನು ಮ್ಯಾಂಚೆಸ್ಟರ್‌ನಲ್ಲೇ ವಿಮಾನ ಹತ್ತಲು ಬಿಡಲಿಲ್ಲ. ಇಬ್ಬರಿಗೂ ಕೋವಿಡ್ ಲಸಿಕೆಯ ಎರಡೂ ಡೋಸ್ ಆಗಿತ್ತು. ತಕರಾರು ಬಂದದ್ದು ಬ್ಯಾಚ್ ನಂಬರಿಗೆ. 4120ಝಡ್ ಎಂದು ಶುರುವಾಗುವ ಆ ಬ್ಯಾಚ್ ತಯಾರಾಗಿದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಲ್ಲಿ. ಬ್ರಿಟನ್ 50 ಲಕ್ಷದಷ್ಟು ಡೋಸ್ ತಾನೇ ತರಿಸಿಕೊಂಡಿತ್ತು, ತನ್ನ ಜನಕ್ಕೇ ಚುಚ್ಚಿತ್ತು. ಆ ದಂಪತಿಗೆ ತಮ್ಮ ತೋಳಿಗೆ ಬಿದ್ದದ್ದು ಪುಣೆಯ ಲಸಿಕೆ ಎಂದು ಗೊತ್ತಾಗಿದ್ದೇ ಆಗ ಇರಬೇಕು! ಕೆಲವೇ ದಿನಗಳಲ್ಲಿ ಮಾಲ್ಟಾ ನಿಯಮ ಬದಲಿಸಿತು.

ಮಾಲ್ಟಾ ಯುರೋಪಿಯನ್ ಒಕ್ಕೂಟದ ದೇಶ. ಯುರೋಪಿನ ವಾದ ಪೂರ್ತಿ ತಪ್ಪೇನಲ್ಲ. ಅಲ್ಲಿನ ಔಷಧ ಸಂಸ್ಥೆ ಒಪ್ಪಿದ್ದು ವ್ಯಾಕ್ಸ್‌ಜೆವ್ರಿಯಾ ಎಂಬ ಹೆಸರಿನಲ್ಲಿ ಬಂದ ಆಸ್ಟ್ರಾಜೆನೆಕಾ ಲಸಿಕೆಯನ್ನು. ಪುಣೆಯಲ್ಲಿ ತಯಾರಾದ ಅದೇ ಲಸಿಕೆ, ಕೋವಿಶೀಲ್ಡ್, ಅದರ ಪಟ್ಟಿಯಲ್ಲಿರಲಿಲ್ಲ. ಲಸಿಕೆಯನ್ನು ಜೀವಕೋಶಗಳಲ್ಲಿ ಬೆಳೆಸುತ್ತಾರೆ, ಕಾರ್ಖಾನೆ ಬದಲಾದರೆ ಮತ್ತೆ ಪರೀಕ್ಷೆ ಬೇಕು. ಅಮ್ಮ ಹೇಳಿದ ಅಳತೆಯಲ್ಲೇ ರುಬ್ಬಿದರೂ ನಮ್ಮ ಮನೆಯ ಇಡ್ಲಿ ಹಿಟ್ಟು ಅವಳ ಮನೆಯಂತೆ ಉಬ್ಬುವುದಿಲ್ಲ, ಅಲ್ವಾ? ಆದರೆ ಪುಣೆಯ ಹಿಟ್ಟನ್ನು ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲೇ ನೋಡಿ ಒಪ್ಪಿತ್ತು.

ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನದೇ ಸರದಿ. ಕೋವಿಶೀಲ್ಡ್ ಸರಿ, ನಿಮ್ಮ ಸರ್ಟಿಫಿಕೇಟ್ ಒಪ್ಪುವುದಿಲ್ಲ ಎಂದಿತು. ಕೋವಿನ್ ಸರ್ಟಿಫಿಕೇಟಿನಲ್ಲಿ ವಯಸ್ಸು ಇತ್ತು, ಹುಟ್ಟಿದ ತಾರೀಖು ಇರಲಿಲ್ಲ. ಭಾರತವೂ ಸುಮ್ನೆ ಕೂರಲಿಲ್ಲ. ಅಕ್ಟೋಬರ್ 4ರಿಂದ ಇಲ್ಲಿಗೆ ಬರುವ ಬ್ರಿಟಿಷರಿಗೆ 10 ದಿನ ಕ್ವಾರಂಟೈನ್ ಹಾಕಿತು. 11ರಿಂದ ಬ್ರಿಟನ್ ಸಡಿಲಿಸಿತು. ಒಂದೇ ವಾರದಲ್ಲಿ ಲಸಿಕೆಯ ಗುಣವೇನಾದರೂ ಬದಲಾಯಿತೇ?

ಕೋವ್ಯಾಕ್ಸಿನ್ ಹಾಕಿಸಿಕೊಂಡವರ ಪಾಡು ಇನ್ನೂ ಕಷ್ಟ. ಆಸ್ಪತ್ರೆಗೆ ಅವತ್ತು ಯಾವುದು ಬಂತೋ ಅದನ್ನು ಹಾಕಿಸಿಕೊಂಡ ಜನ ಅವರು. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಬಂದದ್ದು ನವೆಂಬರ್ 3ಕ್ಕೆ.

ಇನ್ನು ಶೇಕಡಾ ಲೆಕ್ಕ. ಚೀನಾದ ಸಿನೋವ್ಯಾಕ್ ಕಂಪನಿಯ ಲಸಿಕೆ ಬ್ರೆಜಿಲ್‌ನಲ್ಲಿ ಶೇ. 50.4, ಟರ್ಕಿಯಲ್ಲಿ ಶೇ. 83.5 ಪರಿಣಾಮಕಾರಿ ಎಂದು ಬಂತು. ಬ್ರೆಜಿಲ್‌ನವರದು ದುರ್ಬಲ ದೇಹ ಅಂತಲ್ಲ. ಅಲ್ಲಿ ಪ್ರಯೋಗಕ್ಕೆ ಬಂದವರು ದಿನವೂ ರೋಗಿಗಳ ಮಧ್ಯೆ ಇರುವ ಆರೋಗ್ಯ ಕಾರ್ಯಕರ್ತರು. ಔಷಧಿಯೇ ಬೇಡದಷ್ಟು ಸಣ್ಣ ಲಕ್ಷಣವನ್ನೂ ಕಾಯಿಲೆ ಎಂದೇ ಎಣಿಸಿದರು. ಚಿಕಿತ್ಸೆ ಬೇಕಾದವರನ್ನು ಮಾತ್ರ ಎಣಿಸಿದಾಗ ಅದೇ ಲಸಿಕೆ ಶೇ. 78ಕ್ಕೆ ಏರಿತು. ಯಾರ ಮೇಲೆ ಪ್ರಯೋಗ, ವೈರಸ್ಸಿನ ಯಾವ ತಳಿ, ಯಾವುದನ್ನು ಕಾಯಿಲೆ ಎಂದರು, ಇದನ್ನು ಕೇಳದೆ ಎರಡು ದೇಶಗಳ ಅಂಕಿ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ.

ಎರಡು ಡೋಸ್‌ಗಳ ನಡುವಿನ ಅಂತರವೂ ಹಾಗೆಯೇ. ಆಸ್ಟ್ರಾಜೆನೆಕಾ ಪ್ರಯೋಗದಲ್ಲಿ 6 ವಾರದೊಳಗೆ ಎರಡನೇ ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ. 55, 12 ವಾರ ಕಳೆದವರಲ್ಲಿ ಶೇ. 81. ಅದಕ್ಕೇ 2021ರ ಮೇನಲ್ಲಿ ನಮ್ಮ ಸರ್ಕಾರ 6–8 ವಾರ ಇದ್ದ ಅಂತರವನ್ನು 12–16 ವಾರಕ್ಕೆ ಏರಿಸಿತು. ಜೂನ್‌ನಲ್ಲಿ, ವಿದೇಶಕ್ಕೆ ಹೋಗುವವರಿಗೆ ಮಾತ್ರ 28 ದಿನ ಸಾಕು ಎಂದಿತು.

ನನ್ನ ಅಕ್ಕನ ಮಗಳು ಓದಲು ಹೊರಟಿದ್ದಳು. ಲೆಕ್ಕ ಹಾಕಿ 29ನೇ ದಿನ ಸಾಲಿನಲ್ಲಿ ನಿಂತಳು. ಪಾಸ್‌ಪೋರ್ಟ್ ನಂಬರ್ ಹಾಕಿದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿಗೆ ತುರುಕಿಕೊಂಡು ಬಂದಳು. ನಾನು 84 ದಿನ ಕಾದೆ. ಪ್ರಯೋಗದ ಲೆಕ್ಕದಲ್ಲಿ ರಕ್ಷಣೆ ಜಾಸ್ತಿ ನನಗೇ. ವಿಮಾನ ಹತ್ತಿದ್ದು ಅವಳು.