ಎಸಳು ಬಿಡಿಸಿ ನೋಡಿದ ಹೂವು

ಕೇಳುಗರಿಗೆ ನಮಸ್ಕಾರ.

ನಾನು ವಿಜ್ಞಾನ ಪಾಠ ಮಾಡಲು ಶುರುಮಾಡಿದ ಹೊಸದು. ಮರುದಿನ ಹೂವಿನ ಭಾಗಗಳ ಪಾಠ. "ನಾಳೆ ಎಲ್ಲರೂ ಒಂದೊಂದು ದಾಸವಾಳ ತನ್ನಿ" ಅಂದಿದ್ದೆ. ತಂದರು. ನಾನು ಹಲಗೆಯ ಮೇಲೆ ಚಿತ್ರ ಬರೆದು, "ನಡುವೆ ಉದ್ದಕ್ಕೆ ಒಂದು ಕೊಳವೆ ಇದೆ, ಅಲ್ವಾ?" ಎಂದು ಕೇಳಿದೆ. ಕೆಲವರು ಹೌದು ಅಂದರು. ಒಬ್ಬ ಹುಡುಗಿ ಎದ್ದು, "ನನ್ನ ಹೂವಲ್ಲಿ ಇಲ್ಲ ಮಿಸ್" ಅಂದಳು. ನೋಡಿದರೆ ಅವಳು ತಂದದ್ದು ಎಸಳ ಮೇಲೆ ಎಸಳು ತುಂಬಿದ ಮುದ್ದೆ ದಾಸವಾಳ. "ಅದು ಬೇರೆ ಥರದ್ದು, ಕೂತ್ಕೋ" ಅಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಈಗ ನಾನು ಚಿತ್ರದಿಂದ ಶುರುಮಾಡುವುದೇ ಇಲ್ಲ. ಇಬ್ಬರಿಗೆ ಒಂದು ಹೂವು, ಹರವಲು ಒಂದು ಹಳೇ ಪೇಪರ್, ಒಂದು ಪಿನ್ನು. ಬ್ಲೇಡು ಮಾತ್ರ ನನ್ನ ಕೈಯಲ್ಲಿ. ಹೂವು ಅವತ್ತು ಬೆಳಿಗ್ಗೆ ಅರಳಿದ್ದೇ ಆಗಬೇಕು, ನಿನ್ನೆಯದು ಮುದುಡಿ ಅಂಟಂಟಾಗಿರುತ್ತದೆ. ದೇವರಿಗೆ ಇಟ್ಟ ಹೂವು ಕಿತ್ತು ತಂದರೆ ಮನೆಯಲ್ಲಿ ಅಜ್ಜಿ ಬೈಯುತ್ತಾರೆ, ಅದನ್ನೂ ಮೊದಲೇ ಹೇಳಿರುತ್ತೇನೆ!

ಹೊರಗಿನಿಂದ ಬಿಡಿಸುತ್ತಾ ಹೋಗಬೇಕು. ಬಿಡಿಸಿದ್ದನ್ನು ಎಣಿಸಿ ಪೇಪರ್ ಮೇಲೆ ಸಾಲಾಗಿ ಇಡಬೇಕು. ಹೆಸರು ಯಾವುದೂ ಬೇಡ. ತೀರಾ ಕೆಳಗೆ ಎಳೆ ಎಳೆಯಾದ ಹಸಿರು ಕಡ್ಡಿಗಳು. ಒಬ್ಬರಿಗೆ 6 ಸಿಕ್ಕರೆ ಇನ್ನೊಬ್ಬರಿಗೆ 7, ಜಗಳ ಶುರು. ಆಗಲಿ ಬಿಡಿ. ಅದರ ಮೇಲೆ ಹಸಿರು ಬಟ್ಟಲು, ಅಂಚಿನಲ್ಲಿ 5 ಹಲ್ಲು. ಆಮೇಲೆ 5 ಕೆಂಪು ಎಸಳು. ಎಸಳನ್ನು ಮೆಲ್ಲಗೆ ಎಳೆದರೆ ನಡುವಿನ ಕೊಳವೆಯೂ ಜೊತೆಗೇ ಅಲುಗುತ್ತದೆ, ಬುಡದಲ್ಲಿ ಎರಡೂ ಅಂಟಿಕೊಂಡಿವೆ. ಪುಸ್ತಕದ ಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ.

ಆ ಕೊಳವೆಯ ಮೇಲೆ ಪುಟ್ಟ ಹಳದಿ ಗುಂಡುಗಳು. ಅಂಗೈಗೆ ಒತ್ತಿದರೆ ಹಳದಿ ಪುಡಿ ಅಂಟುತ್ತದೆ. ಇಷ್ಟು ಹೊತ್ತಿಗೆ ಅರ್ಧ ತರಗತಿಯ ಮೂಗಿನ ಮೇಲೂ ಪರಾಗ! ಈಗ ಪಿನ್ನಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಬೇಕು. ಒಳಗೆ ಬಿಳಿ ದಾರದಂಥದ್ದು ಅಡಗಿದೆ. ಅದರ ತುದಿ 5 ಕವಲಾಗಿ ಹೊರಗೆ ಬಂದಿದೆ, ಒಂದೊಂದರ ನೆತ್ತಿಯಲ್ಲೂ ಮಖಮಲ್ಲಿನಂಥ ಕೆಂಪು ಚುಕ್ಕೆ. ಕೆಳಗೆ ಬುಡದಲ್ಲಿ ಒಂದು ಚಿಕ್ಕ ಗುಂಡು. ಇಷ್ಟಾದ ಮೇಲೆ ಹೆಸರು: ಹಸಿರು ಬಟ್ಟಲಿನ ಹಲ್ಲು ಪುಷ್ಪಪತ್ರ, ಎಸಳು ದಳ, ಹಳದಿ ಗುಂಡು ಹೊತ್ತದ್ದು ಕೇಸರ, ಒಳಗಿನ ದಾರವೂ ಬುಡದ ಗುಂಡೂ ಸೇರಿ ಶಲಾಕೆ, ಅದರಲ್ಲಿ ಗುಂಡು ಮಾತ್ರ ಅಂಡಾಶಯ. ಮುಟ್ಟಿ ನೋಡಿದ್ದಕ್ಕೆ ಹೆಸರಿಟ್ಟರೆ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಆ ಗುಂಡೇ ಅಂಡಾಶಯ. ಆದರೆ ಅದು ಕಾಯಾಗುತ್ತದೆ ಅಂದರೆ ಮಕ್ಕಳು ನಂಬುವುದಿಲ್ಲ. ಅವರ ಅನುಮಾನ ಸರಿಯೇ. ನಮ್ಮ ಹಿತ್ತಲ ದಾಸವಾಳ ಕಾಯಿ ಕಟ್ಟುವುದು ಅಪರೂಪ, ಕಡ್ಡಿ ನೆಟ್ಟೇ ಬೆಳೆಸುತ್ತೇವೆ. ಅದಕ್ಕೇ ನನ್ನ ಚೀಲದಲ್ಲಿ ಒಂದು ಬೆಂಡೆಕಾಯಿ ಇರುತ್ತದೆ. ಬೆಂಡೆ, ಹತ್ತಿ, ದಾಸವಾಳ ಎಲ್ಲಾ ಒಂದೇ ಬಳಗ. ಬೆಂಡೆಯ ಹಳದಿ ಹೂವು ನೋಡಿದವರಿಗೆ ಹೋಲಿಕೆ ತಕ್ಷಣ ಗೊತ್ತಾಗುತ್ತದೆ. ಕಾಯಿಯನ್ನು ಅಡ್ಡಕ್ಕೆ ಕೊಯ್ದು ತೋರಿಸಿದರೆ ಸಾಮಾನ್ಯವಾಗಿ 5 ಕೋಣೆ, ಕೋಣೆಯೊಳಗೆ ಬೀಜ. "ಅಂದ್ರೆ ನಾವು ಸಾಂಬಾರಿಗೆ ಹಾಕೋದು ಅಂಡಾಶಯಾನಾ ಮಿಸ್?" ಅನ್ನುವ ಪ್ರಶ್ನೆ ಪ್ರತಿವರ್ಷವೂ ಬರುತ್ತದೆ. ಹೌದಪ್ಪಾ, ಅದನ್ನೇ.

ಚೆಂಡು ಹೂವು ಮಾತ್ರ ಮೊದಲ ದಿನ ಬೇಡ. ಅದರಲ್ಲಿ ನಾವು ಎಸಳು ಅಂದುಕೊಂಡಿದ್ದು ಒಂದೊಂದೂ ಒಂದು ಹೂವು. ಮಕ್ಕಳಿಗೆ ಗೊಂದಲವೇ ಜಾಸ್ತಿ.

ಇನ್ನು ಆ ಹುಡುಗಿಯ ಹೂವು. ಅವತ್ತು ಸಂಜೆ ಮನೆಗೆ ಹೋಗಿ ಒಂದು ಮುದ್ದೆ ದಾಸವಾಳ ಬಿಡಿಸಿದೆ. ಹೊರಗೆ 5 ಎಸಳು ಸರಿಯಾಗಿಯೇ ಇದ್ದವು. ಒಳಗಿನ ಎಸಳುಗಳು ಸೊಟ್ಟಸೊಟ್ಟಗೆ. ಒಂದರ ಅಂಚಿನಲ್ಲಿ ಹಳದಿ ಗುಂಡು ಅಂಟಿಕೊಂಡಿತ್ತು. ಅರ್ಧ ಎಸಳು, ಅರ್ಧ ಕೇಸರ! ಈ ಹೂವಿನಲ್ಲಿ ಕೇಸರಗಳೇ ಎಸಳಾಗಿ ಹರಡಿಕೊಂಡಿರುತ್ತವೆ. ಅವಳಿಗೆ ಕೊಳವೆ ಕಾಣದೆ ಹೋದದ್ದು ಅದಕ್ಕೇ. ಇಡೀ ತರಗತಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಹೂವು ಅವಳದ್ದೇ ಆಗಿತ್ತು.

ಮರುದಿನ ಅವಳನ್ನೇ ಮುಂದೆ ಕರೆದು, ಆ ಎಸಳನ್ನು ಅವಳ ಕೈಗೆ ಕೊಟ್ಟು ಎಲ್ಲರಿಗೂ ತೋರಿಸು ಅಂದೆ. ಈಗ ಪ್ರತಿವರ್ಷ ಒಂದು ಮುದ್ದೆ ದಾಸವಾಳ ನಾನೇ ತರುತ್ತೇನೆ.

ನಮಸ್ಕಾರ.