ಎರಡು ಸ್ವಭಾವ, ಒಂದು ನೊಗ

ಎಲ್ಲರಿಗೂ ನಮಸ್ಕಾರ.

ನೆಮ್ಮದಿ ಬೇಕು ಅಂದಾಗ ನಾವು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತೇವೆ. ನಮ್ಮೊಳಗಿನ ಒಂದು ಗುಣವನ್ನು ಒಳ್ಳೆಯದು ಎಂದು ಇಟ್ಟುಕೊಂಡು, ಅದರ ಎದುರಿನದನ್ನು ಹೊರಗೆ ಹಾಕಲು ನೋಡುತ್ತೇವೆ. ಸಿಟ್ಟು ಬೇಡ, ತಾಳ್ಮೆ ಇರಲಿ. ಮಾತು ಬೇಡ, ಮೌನ ಇರಲಿ. ಹೊರಗೆ ಹಾಕಿದ್ದು ಮಾತ್ರ ಹೋಗುವುದಿಲ್ಲ. ಬೇರೆ ಹೊತ್ತಿನಲ್ಲಿ, ಬೇರೆಯವರ ಮೇಲೆ ಬೀಳುತ್ತದೆ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ನಡೆಸುವವರೊಬ್ಬರನ್ನು ಕಲ್ಪಿಸಿಕೊಳ್ಳಿ. ಗಿರಾಕಿ ಇಪ್ಪತ್ತು ಸೀರೆ ಬಿಚ್ಚಿಸಿ, ಒಂದೂ ತಗೊಳ್ಳದೆ ಎದ್ದರೂ ‘ಇರ್ಲಿ ಅಕ್ಕಾರ, ಮತ್ತ ಬರ್ರಿ’ ಅನ್ನಲೇಬೇಕು. ಮಧ್ಯಾಹ್ನವೆಲ್ಲ ಹೀಗೆ ನಕ್ಕು, ರಾತ್ರಿ ಮನೆಗೆ ಬಂದಾಗ ರೊಟ್ಟಿ ಆರಿದೆ ಅಂತ ತಾಟು ಸರಿಸುತ್ತಾರೆ. ತಪ್ಪು ರೊಟ್ಟಿಯದು ಅಂತ ಹೆಂಡತಿ ನೊಂದುಕೊಳ್ಳುತ್ತಾಳೆ. ಆದರೆ ಅದು ಮಧ್ಯಾಹ್ನದ ಸಿಟ್ಟು, ಹುಟ್ಟಿದ ಜಾಗದಲ್ಲಿ ಅದಕ್ಕೆ ಒಂದು ಮಾತಿನಷ್ಟೂ ಅವಕಾಶ ಸಿಕ್ಕಿರಲಿಲ್ಲ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ (1875–1961) ನಾವು ಒಪ್ಪಿಕೊಳ್ಳದ ಈ ಬದಿಯನ್ನು ‘ನೆರಳು’ ಎಂದು ಕರೆದರು. ಅದನ್ನು ನಮ್ಮಲ್ಲಿ ಕಾಣದೆ ಎದುರಿನವರಲ್ಲಿ ಕಾಣುತ್ತೇವೆ ಎಂಬುದು ಅವರ ಮುಖ್ಯ ಮಾತುಗಳಲ್ಲೊಂದು.

ಹಾಗಾದರೆ ಸಮತೋಲನ ಅಂದರೆ ಎರಡನ್ನೂ ಅರ್ಧರ್ಧ ಮಾಡುವುದೇ? ಅಲ್ಲ. ಇಲ್ಲಿ ಬೇಸಾಯ ಗೊತ್ತಿದ್ದವರು ಬಹಳ ಜನ ಇದ್ದೀರಿ. ಜೋಡೆತ್ತಿನಲ್ಲಿ ಒಂದು ಗಟ್ಟಿ, ಇನ್ನೊಂದು ಸಣ್ಣದು ಇದ್ದರೆ ನೊಗವನ್ನು ನಡುಮಧ್ಯೆ ಕಟ್ಟುವುದಿಲ್ಲ. ಕಟ್ಟನ್ನು ಗಟ್ಟಿ ಎತ್ತಿನ ಕಡೆಗೆ ಒಂದೆರಡು ಬೆರಳು ಸರಿಸುತ್ತಾರೆ. ಆಗ ಸಣ್ಣದರ ಕಡೆ ನೊಗ ಉದ್ದವಾಗಿ ಅದರ ಪಾಲಿನ ಭಾರ ಇಳಿಯುತ್ತದೆ, ಸಾಲು ನೆಟ್ಟಗೆ ಹೋಗುತ್ತದೆ. ನಡುವಿಗೇ ಕಟ್ಟಿದರೆ ಸಣ್ಣ ಎತ್ತು ಹಿಂದೆ ಬಿದ್ದು ಕುಂಟೆ ಅಡ್ಡ ಎಳೆಯುತ್ತದೆ. ಸ್ವಭಾವದಲ್ಲೂ ಹೀಗೇ. ಯಾವ ಬದಿ ಬಲವಾಗಿದೆಯೋ ಅದರ ಬಲ ಕಡಿಯುವುದು ಬೇಡ. ಸೊರಗಿದ ಬದಿಗೆ ತಾಳಿಕೊಳ್ಳುವಷ್ಟು ಕೆಲಸ ಕೊಟ್ಟು, ದಿನವೂ ಹೂಡಬೇಕು.

ದೇಹವೂ ಎರಡನ್ನೂ ಒಟ್ಟಿಗೆ ಸಮ ಮಾಡುವುದಿಲ್ಲ. ಈಗಲೇ ಮೂಗಿನ ಕೆಳಗೆ ಬೆರಳು ಹಿಡಿದು ನೋಡಿ, ಬಹಳ ಮಂದಿಗೆ ಒಂದು ಹೊಳ್ಳೆಯಿಂದ ಹೆಚ್ಚು, ಇನ್ನೊಂದರಿಂದ ಕಡಿಮೆ ಗಾಳಿ ಬರುತ್ತದೆ. ಕೆಲವು ತಾಸುಗಳಲ್ಲಿ ಇದು ಅದಲು ಬದಲಾಗುತ್ತದೆ. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ಇದನ್ನು ವಿವರಿಸಿದರು. ನಮ್ಮ ಯೋಗಿಗಳು ಅದಕ್ಕೂ ಬಹಳ ಹಿಂದೆಯೇ ಎಡದ್ದನ್ನು ಚಂದ್ರನಾಡಿ, ಬಲದ್ದನ್ನು ಸೂರ್ಯನಾಡಿ ಎಂದು ಗುರುತಿಸಿದ್ದರು. ಒಂದು ಕೆಲಸ ಮಾಡುವಾಗ ಇನ್ನೊಂದು ದಣಿವಾರಿಸಿಕೊಳ್ಳುತ್ತದೆ. ಪಾಳಿಯ ಪ್ರಕಾರ ನಡೆಯುವ ಈ ಸಮತೋಲನವೇ ನಮಗೂ ಬೇಕಾದದ್ದು.

ಈಗ ಮಾಡುವ ಕ್ರಮ. ಮೊದಲು ಒಂದೇ ಒಂದು ಜೋಡಿ ಆರಿಸಿಕೊಳ್ಳಿ: ದುಡಿಮೆ–ವಿಶ್ರಾಂತಿ, ಮಾತು–ಮೌನ, ಉಳಿಸುವುದು–ಕೊಡುವುದು, ಬಿಗಿ–ಸಡಿಲ. ಎಲ್ಲವನ್ನೂ ಒಮ್ಮೆಗೇ ಹಿಡಿದರೆ ಯಾವುದೂ ಆಗುವುದಿಲ್ಲ. ಯಾವ ಜೋಡಿ ಅಂತ ತಿಳಿಯದಿದ್ದರೆ ಯೂಂಗ್ ಮಾತು ನೆನಪಿಸಿಕೊಳ್ಳಿ. ಯಾರನ್ನು ಕಂಡರೆ ನಿಮಗೆ ಅತಿಯಾಗಿ ಕಿರಿಕಿರಿ ಆಗುತ್ತದೆ? ‘ಅಂವಾ ಬರೇ ಕುಂತ ತಿಂತಾನ’ ಅಂತ ದಿನಾ ಒಬ್ಬರ ಬಗ್ಗೆ ಅನ್ನುತ್ತಿದ್ದರೆ, ಕುಳಿತುಕೊಳ್ಳಲು ನಿಮಗೆ ನೀವೇ ಪರವಾನಗಿ ಕೊಟ್ಟಿಲ್ಲವೇನೋ ನೋಡಿಕೊಳ್ಳಿ.

ನಂತರ ಏಳು ದಿನ ರಾತ್ರಿ ಮಲಗುವ ಮುಂಚೆ ಐದು ಸಾಲು ಬರೆಯಿರಿ. ಏನಾಯಿತು, ಆಗ ಮೈಯಲ್ಲಿ ಎಲ್ಲಿ ಬಿಗಿಯಾಯಿತು (ದವಡೆ, ಎದೆ, ಹೊಟ್ಟೆ), ಯಾವ ಬದಿ ಮಾತಾಡಿತು, ಯಾವುದು ಸುಮ್ಮನಾಯಿತು, ಆಮೇಲೆ ಎಷ್ಟು ಹೊತ್ತು ಅದೇ ಗುಂಗಿನಲ್ಲಿದ್ದಿರಿ. ಕಾರಣ ಬರೆಯಬೇಡಿ. ಕಾರಣ ಬರೆಯಲು ಹೊರಟರೆ ನಮ್ಮ ಪರವಾಗಿ ನಾವೇ ವಕಾಲತ್ತು ಮಾಡುತ್ತೇವೆ, ಗಮನಿಸುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಎರಡನೆಯ ವಾರ ಎರಡು ಕುರ್ಚಿ ಎದುರುಬದುರು ಇಡಿ. ಗೆಸ್ಟಾಲ್ಟ್ ಎಂಬ ಮನೋಚಿಕಿತ್ಸಾ ಪದ್ಧತಿಯ ಫ್ರಿಟ್ಸ್ ಪರ್ಲ್ಸ್ ಪ್ರಚಾರಕ್ಕೆ ತಂದ ವಿಧಾನ ಇದು. ಒಂದರಲ್ಲಿ ಕುಳಿತು ಒಂದು ಬದಿಯಾಗಿ, ‘ನಾನು’ ಅಂತಲೇ, ಬಾಯಿಬಿಟ್ಟು ಐದು ನಿಮಿಷ ಮಾತಾಡಿ. ಎದ್ದು ಇನ್ನೊಂದರಲ್ಲಿ ಕುಳಿತು ಉತ್ತರ ಕೊಡಿ. ಎರಡು ಸಲ ಅತ್ತಿತ್ತ ಹೋದರೆ ಇಪ್ಪತ್ತು ನಿಮಿಷ. ಪ್ರತಿ ಬದಿಯೂ ಒಂದು ಪ್ರಶ್ನೆಗೆ ಉತ್ತರಿಸಲೇಬೇಕು: ನೀನು ಯಾವುದರಿಂದ ನನ್ನನ್ನು ಕಾಯುತ್ತಿದ್ದೀ? ಸದಾ ದುಡಿಯುವ ಬದಿ ಬಹಳ ಸಲ ಬಡತನದ ಹೆದರಿಕೆಯನ್ನು ಹೇಳುತ್ತದೆ, ಬಳಲಿದ ಬದಿ ಬೆನ್ನುನೋವನ್ನು. ಬುದ್ಧಿವಾದ ಹೇಳುವ ಕುರ್ಚಿಯೇ ಪ್ರತಿ ಸಲ ಗೆಲ್ಲುತ್ತಿದ್ದರೆ ಅಭ್ಯಾಸ ಕೆಟ್ಟಿದೆ ಎಂದರ್ಥ. ಎರಡೂ ಕಡೆ ದನಿ ತಗ್ಗಿತು, ಆರೋಪ ಹೋಗಿ ಬೇಡಿಕೆ ಬಂತು ಎಂದರೆ ಸರಿದಾರಿ. ಹಳೆಯ ಹಿಂಸೆ, ಅಪಘಾತ, ಸಾವಿನ ನೆನಪು ಮೇಲೆದ್ದರೆ ಅಲ್ಲೇ ನಿಲ್ಲಿಸಿ, ಅದನ್ನು ಒಬ್ಬರೇ ಮಾಡಬಾರದು.

ಇದರ ಜೊತೆಗೆ ದಿನವೂ ನಾಡಿಶೋಧನ, ಅಂದರೆ ಒಂದೊಂದೇ ಹೊಳ್ಳೆಯಿಂದ ಪಾಳಿಯಂತೆ ಉಸಿರಾಡುವ ಪ್ರಾಣಾಯಾಮ. ಊಟವಾಗಿ ಕನಿಷ್ಠ ಮೂರು ತಾಸು ಕಳೆದಿರಲಿ. ನೆಲದ ಮೇಲಾಗಲಿ ಕುರ್ಚಿಯಲ್ಲಾಗಲಿ ಬೆನ್ನು ನೆಟ್ಟಗಿರಲಿ. ಬಲಗೈ ಹೆಬ್ಬೆರಳಿಂದ ಬಲಹೊಳ್ಳೆ ಮುಚ್ಚಿ, ಎಡದಿಂದ ನಾಲ್ಕು ಎಣಿಸುವಷ್ಟು ಉಸಿರು ತಗೊಳ್ಳಿ. ಉಂಗುರಬೆರಳಿಂದ ಎಡ ಮುಚ್ಚಿ, ಬಲದಿಂದ ಆರು ಎಣಿಸುತ್ತ ಬಿಡಿ. ಅದೇ ಬಲದಿಂದ ನಾಲ್ಕು ಒಳಗೆ, ಎಡದಿಂದ ಆರು ಹೊರಗೆ. ಇದು ಒಂದು ಸುತ್ತು. ಆರು ಸುತ್ತಿಗೆ ಎರಡು ನಿಮಿಷ ಸಾಕು, ಎರಡು ವಾರದ ನಂತರ ಒಂಬತ್ತು ಸುತ್ತು. ಹೊರಬಿಡುವ ಉಸಿರು ಉದ್ದವಾದಾಗ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಇಳಿಯುತ್ತದೆ. ಅದಕ್ಕೇ ನಾಲ್ಕು–ಆರು.

ತಪ್ಪುಗಳು ಹೆಚ್ಚಾಗಿ ಬೆರಳಲ್ಲಿ ಆಗುತ್ತವೆ. ಗಟ್ಟಿಯಾಗಿ ಒತ್ತಿ ಮೂಗು ಓರೆ ಮಾಡುತ್ತಾರೆ, ಮೊಣಕೈ ಎತ್ತಿ ಹೆಗಲು ಬಿಗಿ ಮಾಡುತ್ತಾರೆ. ಮುಚ್ಚಲು ಬೇಕಾದದ್ದು ಬೆರಳಿನ ಭಾರದಷ್ಟೇ. ಉತ್ಸಾಹದಲ್ಲಿ ದೊಡ್ಡ ಉಸಿರು ಎಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಇದನ್ನು ಕುಂಡಲಿನಿ ಅಂದುಕೊಂಡವರೂ ಇದ್ದಾರೆ. ಕೈ ಕೆಳಗಿಟ್ಟು ಸಹಜವಾಗಿ ಉಸಿರಾಡಿ, ಹೋಗುತ್ತದೆ. ನೆಗಡಿಯಿಂದ ಮೂಗು ಕಟ್ಟಿದ್ದರೆ ಆ ದಿನ ಬಿಡಿ. ಬಿಪಿ, ಹೃದಯದ ತೊಂದರೆ ಇದ್ದವರು ಮತ್ತು ಗರ್ಭಿಣಿಯರು ಉಸಿರು ಹಿಡಿದು ನಿಲ್ಲಿಸಲೇಬಾರದು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ–ಧಾರವಾಡ ಓಡಾಡುವವರು ಕೈ ಇಲ್ಲದೆಯೇ ನಾಲ್ಕು–ಆರು ಎಣಿಸಬಹುದು, ಅದೂ ಕೆಲಸ ಮಾಡುತ್ತದೆ.

ಮೂರನೆಯ ವಾರದಿಂದ ಸೊರಗಿದ ಬದಿಗೆ ದಿನಕ್ಕೊಂದು ಸಣ್ಣ ಕೆಲಸ. ಎಲ್ಲರಿಗೂ ಹೂಂ ಅನ್ನುವವರು ದಿನಕ್ಕೆ ಒಂದು ಸಲ ‘ಇವತ್ತ ಆಗೂದಿಲ್ರಿ, ಶುಕ್ರವಾರ ಮಾಡಿ ಕೊಡ್ತೀನಿ’ ಅನ್ನಲಿ. ಮಾವನವರ ಹತ್ತಿರ, ಸಾಹೇಬರ ಹತ್ತಿರ ಮೊದಲೇ ಪ್ರಯೋಗ ಬೇಡ, ಹಾನಿ ಕಡಿಮೆ ಇರುವ ಕಡೆ ಶುರು ಮಾಡಿ. ನಮ್ಮ ಅಂಗಡಿಯವರು ಕದ ಹಾಕಿದ ಮೇಲೆ ಹತ್ತು ನಿಮಿಷ ಅಲ್ಲೇ ಕುಳಿತು ಆ ಸಿಟ್ಟನ್ನು ಬರೆದು ಮನೆಗೆ ಹೊರಡಲಿ. ಕೈ ಬಿಗಿ ಇದ್ದವರು ವಾರಕ್ಕೊಮ್ಮೆ ಸಣ್ಣ ಮೊತ್ತ ಕೊಡಲಿ. ಶರಣರು ಕಾಯಕದ ಪಕ್ಕದಲ್ಲೇ ದಾಸೋಹವನ್ನು ಇಟ್ಟದ್ದನ್ನು ಸಮಾಜದ ವ್ಯವಸ್ಥೆ ಅಂತ ಮಾತ್ರ ಓದುತ್ತೇವೆ. ಗಳಿಸುವ, ಕೊಡುವ ಎರಡೂ ಕೈಗಳನ್ನು ಒಬ್ಬನೇ ಮನುಷ್ಯನಲ್ಲಿ ಪಳಗಿಸುವ ಕ್ರಮವೂ ಅದೇ ಎಂದು ನನಗೆ ಅನಿಸುತ್ತದೆ.

ಒಂದು ಎಚ್ಚರಿಕೆ. ಬಹಳ ವರ್ಷ ಮುಚ್ಚಿಟ್ಟ ಬದಿ ಮೊದಲು ಹೊರಬಂದಾಗ ಒರಟಾಗಿ ಬರುತ್ತದೆ. ಮೌನಿಯಾಗಿದ್ದವರು ಚೀರುತ್ತಾರೆ, ಯಾವಾಗಲೂ ಸೋಲುತ್ತಿದ್ದವರು ಸಣ್ಣದಕ್ಕೂ ಹಟ ಹಿಡಿಯುತ್ತಾರೆ. ‘ಮದ್ಲs ಚಲೋ ಇದ್ದಿ’ ಅಂತ ಮನೆಯಲ್ಲಿ ಅಂದೇ ಅನ್ನುತ್ತಾರೆ. ಆಗ ಅಭ್ಯಾಸ ಬಿಟ್ಟರೆ ಹಳೆಯ ಬಿಗಿ ಇಮ್ಮಡಿಯಾಗುತ್ತದೆ. ಬಿಡಬೇಡಿ, ಪ್ರಮಾಣ ಇಳಿಸಿ: ದಿನಕ್ಕೊಂದರ ಬದಲು ಎರಡು ದಿನಕ್ಕೊಂದು. ಏನು ಮಾಡುತ್ತಿದ್ದೀರಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಮುಂಚೆಯೇ ಹೇಳಿಡಿ, ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಇನ್ನೊಂದು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕೇ ಬೇಡ ಅನಿಸುತ್ತಿದೆ ಎಂದರೆ ಅದು ಸ್ವಭಾವದ ಏರುಪೇರು ಅಂತ ಕೂರಬೇಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಗದಗ, ಹಾವೇರಿಯವರಿಗೂ ದೂರವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದಿದ್ದರೆ ಅದೇ ದಿನ ಮಾಡಿ.

ಉಳಿದವರು ಆರು ವಾರ ಒಂದೇ ಜೋಡಿಯನ್ನು ನಡೆಸಿ, ಕೊನೆಯ ವಾರ ಮತ್ತೆ ರಾತ್ರಿ ಐದು ಸಾಲು ಬರೆಯಿರಿ. ಆಮೇಲೆ ಮೊದಲ ವಾರದ ಪುಟ ತೆಗೆದು, ಕೊನೆಯ ವಾರದ ಐದನೆಯ ಸಾಲಿನ ಜೊತೆ ಹೋಲಿಸಿ. ಸಿಟ್ಟು ಬರುವುದು ನಿಂತಿರುವುದಿಲ್ಲ. ಗುಂಗು ಅರ್ಧ ದಿನದಿಂದ ಅರ್ಧ ತಾಸಿಗೆ ಇಳಿದಿದ್ದರೆ ಎರಡನೆಯ ಜೋಡಿ ಹಿಡಿಯಬಹುದು. ಇಳಿದಿಲ್ಲವಾದರೆ ಜೋಡಿ ಬದಲಿಸದೆ ಕುರ್ಚಿಗೆ ಮರಳಿ, ಇನ್ನೂ ಹೇಳದ ಮಾತು ಯಾವುದು ಅಂತ ಕೇಳಿ. ಪ್ರಶ್ನೆ ಇದ್ದವರು ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಡ.