ಮಸೂರವೇ ಇಲ್ಲದ ಟೆಲಿಸ್ಕೋಪು!

[ಪರದೆ: ಕತ್ತಲಲ್ಲಿ ಭೂಮಿ, ಅದರ ಸುತ್ತ ಫರ್ಮಿ ಉಪಗ್ರಹ]

ಟೆಲಿಸ್ಕೋಪು ಅಂದ ತಕ್ಷಣ ಕಣ್ಣ ಮುಂದೆ ಬರೋದು ಉದ್ದನೆಯ ಕೊಳವೆ, ಒಳಗೊಂದು ಮಸೂರ ಅಥವಾ ಕನ್ನಡಿ. ಇವತ್ತು ನೋಡ್ತಿರೋದರಲ್ಲಿ ಇದ್ಯಾವುದೂ ಇಲ್ಲ. ಹೆಸರು ಫರ್ಮಿ. 2008ರ ಜೂನ್ 11ರಂದು ನಾಸಾ ಹಾರಿಸಿದ್ದು. ಸುಮಾರು ಒಂದೂವರೆ ಗಂಟೆಗೆ ಭೂಮಿಗೆ ಒಂದು ಸುತ್ತು ಹಾಕುತ್ತೆ, ಎರಡು ಸುತ್ತು ಮುಗಿಯೋದರೊಳಗೆ ಇಡೀ ಆಕಾಶ ನೋಡಿ ಮುಗಿಸಿರುತ್ತೆ.

ಇದು ಹುಡುಕೋದು ಗಾಮಾ ಕಿರಣಗಳನ್ನ. ಬೆಳಕಿನ ವಂಶದವೇ, ಆದ್ರೆ ರೋಷ ಜಾಸ್ತಿ. ನಮ್ಮ ಕಣ್ಣಿಗೆ ಕಾಣೋ ಬೆಳಕಿನ ಒಂದು ಕಣಕ್ಕೆ ಹೋಲಿಸಿದ್ರೆ, ಫರ್ಮಿಯ ಮುಖ್ಯ ಉಪಕರಣ ಹಿಡಿಯೋ ಕಣದ ಶಕ್ತಿ ಕಡಿಮೆ ಅಂದ್ರೂ ಕೋಟಿ ಪಟ್ಟು. ವಾತಾವರಣ ಇವನ್ನ ನೆಲಕ್ಕೆ ಇಳಿಯೋಕೆ ಬಿಡಲ್ಲ. ಅದು ನಮ್ಮ ಪುಣ್ಯ, ಖಗೋಳ ವಿಜ್ಞಾನಿಗಳ ಗ್ರಹಚಾರ. ಅದಕ್ಕೇ ಮೇಲೆ ಹೋಗಬೇಕಾಯ್ತು.

[ಅನಿಮೇಷನ್: ಪದರ ಪದರವಾಗಿ ಬಿಚ್ಚಿಕೊಳ್ಳುವ ಉಪಕರಣ]

ಮೇಲೆ ಹೋದ್ರೂ ಕನ್ನಡಿ ಕೆಲಸಕ್ಕೆ ಬರಲ್ಲ. ಗಾಮಾ ಕಿರಣ ಅದಕ್ಕೆ ಬಡಿದು ತಿರುಗಲ್ಲ, ಒಳಗೇ ತೂರಿಬಿಡುತ್ತೆ. ಹಾಗಾಗಿ ಚಿರೋಟಿ ಪದರದ ಹಾಗೆ ತೆಳು ಟಂಗ್‌ಸ್ಟನ್ ಹಾಳೆಗಳು, ನಡುನಡುವೆ ಸಿಲಿಕಾನ್ ಪಟ್ಟಿಗಳು. ಟಂಗ್‌ಸ್ಟನ್ ಪರಮಾಣುವಿನ ಬಳಿ ಬಂದ ಗಾಮಾ ಕಿರಣ ತಾನೇ ಇಲ್ಲವಾಗಿ, ಅದರ ಜಾಗದಲ್ಲಿ ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಹುಟ್ಟುತ್ತವೆ. ಪಾಸಿಟ್ರಾನ್ ಅಂದ್ರೆ ಎಲೆಕ್ಟ್ರಾನಿನ ಪ್ರತಿದ್ರವ್ಯ ರೂಪ: ತೂಕ ಅಷ್ಟೇ, ವಿದ್ಯುದಂಶ ಮಾತ್ರ ಉಲ್ಟಾ. ಈ ಜೋಡಿ ಸಿಲಿಕಾನ್ ಪದರಗಳಲ್ಲಿ ಹೆಜ್ಜೆ ಗುರುತು ಬಿಟ್ಟು ಹೋಗುತ್ತೆ. ಅದನ್ನ ಹಿಂದಕ್ಕೆ ಎಳೆದ್ರೆ ಕಿರಣ ಆಕಾಶದ ಯಾವ ದಿಕ್ಕಿಂದ ಬಂತು ಗೊತ್ತಾಗುತ್ತೆ. ತಳದಲ್ಲಿರೋ ಸೀಸಿಯಂ ಅಯೋಡೈಡ್ ಹರಳುಗಳು ಅದರ ಶಕ್ತಿ ಅಳೆಯುತ್ತವೆ. ಸತ್ತ ಮೇಲೆ ವಿಳಾಸ ಪತ್ತೆ ಮಾಡೋ ಪೊಲೀಸ್ ಕೆಲಸ, ಅಷ್ಟೇ.

ಹೀಗೆ ಒಂದೊಂದೇ ಕಣ ಕೂಡಿಸಿದ ನಕ್ಷೆಯಲ್ಲೇ 2010ರಲ್ಲಿ ನಮ್ಮ ಆಕಾಶಗಂಗೆಯ ನಡುವಿನಿಂದ ಮೇಲಕ್ಕೂ ಕೆಳಕ್ಕೂ ತಲಾ 25,000 ಜ್ಯೋತಿರ್ವರ್ಷ ಉಬ್ಬಿದ ಎರಡು ಗುಳ್ಳೆಗಳು ಕಂಡವು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದ್ರೆ ಸತ್ತ ದೊಡ್ಡ ನಕ್ಷತ್ರಗಳ ಒತ್ತೊತ್ತಾದ ತಿರುಳುಗಳು, ಒಂದಾದಾಗ ಎದ್ದ ಗುರುತ್ವ ಅಲೆ, ಅಂದ್ರೆ ದೇಶಕಾಲದ ನಡುಕ, ಭೂಮಿಗೆ ಬಂದು 1.7 ಸೆಕೆಂಡಿಗೆ ಗಾಮಾ ಮಿಂಚು ಬಂತು. ಅದನ್ನ ಹಿಡಿದದ್ದು ಫರ್ಮಿಯ ಇನ್ನೊಂದು ಉಪಕರಣ, ಸ್ಫೋಟಗಳಿಗೆ ಅಂತಲೇ ಕಾದು ಕೂತಿರೋದು.

[ಪರದೆ: ಆಫ್ರಿಕಾ ನಕ್ಷೆ]

ಅದೇ ಉಪಕರಣದ ಇನ್ನೊಂದು ಕಥೆ ನನಗೆ ಈ ಎಲ್ಲಕ್ಕಿಂತ ಇಷ್ಟ. 2009ರ ಡಿಸೆಂಬರ್ 14. ಫರ್ಮಿ ಈಜಿಪ್ಟ್ ಮೇಲಿದೆ. ಸುಮಾರು 4,500 ಕಿಲೋಮೀಟರ್ ದಕ್ಷಿಣಕ್ಕೆ, ಜಾಂಬಿಯಾದಲ್ಲಿ ಗುಡುಗು ಮಳೆ. ಅದು ದಿಗಂತದ ಆಚೆ, ಫರ್ಮಿಗೆ ಕಾಣೋ ಮಾತೇ ಇಲ್ಲ. ಆದ್ರೂ ಗಾಮಾ ಕಿರಣ ದಾಖಲಾಯ್ತು! ಆಗಿದ್ದು ಇಷ್ಟು: ಮೋಡದಲ್ಲಿ ಹುಟ್ಟಿದ ಎಲೆಕ್ಟ್ರಾನ್, ಪಾಸಿಟ್ರಾನ್‌ಗಳು ಭೂಮಿಯ ಕಾಂತರೇಖೆ ಹಿಡಿದು ಮೇಲೇರಿ ಬಂದು ಉಪಗ್ರಹಕ್ಕೇ ಬಡಿದವು. ಪಾಸಿಟ್ರಾನ್‌ಗಳು ಅದರ ಮೈಯ ಎಲೆಕ್ಟ್ರಾನ್‌ಗಳ ಜೊತೆ ಸೇರಿ, ಎರಡೂ ಇಲ್ಲವಾಗಿ ಗಾಮಾ ಕಿರಣವಾದವು. ಟಂಗ್‌ಸ್ಟನ್ ಹಾಳೆಯಲ್ಲಿ ನಡೆಯೋದರ ಪೂರ್ತಿ ಉಲ್ಟಾ. ನೋಡೋಕೆ ಹೋದ ಉಪಗ್ರಹವೇ ಒಂದು ಕ್ಷಣ ಗಾಮಾ ದೀಪ!

ಒಂದಲ್ಲ, ಎರಡು ಸಲ. ದಾಟಿ ಹೋದ ಕಣಗಳು ಕಾಂತರೇಖೆಯ ಮುಂದಿನ ತಿರುವಲ್ಲಿ ವಾಪಸ್ ಹೊರಳಿ, 23 ಮಿಲಿಸೆಕೆಂಡಿಗೆ ಇನ್ನೊಮ್ಮೆ ಬಂದು ಹೊಡೆದಿದ್ದವು.